ನೇರಕ್ಕನ ನಡುಕ

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹಾಡು ಕಲಿಸುತ್ತಿದ್ದವಳಿಗೆ ಕಲಿಯಲು ಬರುವ ಮಕ್ಕಳಿಟ್ಟ ಹೆಸರು ನೇರಕ್ಕ. ಬಾಯಿ ತೆರೆದರೆ ಅದೊಂದೇ ಮಾತು: "ನೇರ ಹಿಡೀರಿ! ಸ್ವರ ಮೊದಲು ನೇರ ನಿಲ್ಲಲಿ, ಅಲುಗಾಡಿಸೋ ಶೋಕಿ ಆಮೇಲೆ." ಉಸಿರನ್ನು ಹೊಟ್ಟೆಯಿಂದ ಹದವಾಗಿ ಬಿಟ್ಟು, ಬೇಕೆಂದಾಗ ದನಿಯನ್ನು ಅಲೆಯಾಡಿಸಿ, ಬೇಡವೆಂದಾಗ ನಿಲ್ಲಿಸುವುದೇ ಹಾಡುಗಾರಿಕೆ ಎಂಬುದು ಅವಳ ಹಟ. ಗಂಡನಿಲ್ಲ, ಮಕ್ಕಳಿಲ್ಲ, ಆ ಕೋಣೆಯೇ ಅವಳ ಸಂಸಾರ.

ಅಂಥವಳ ದನಿ ಅರವತ್ತು ದಾಟಿದ ಮೇಲೆ ತಾನಾಗಿಯೇ ನಡುಗತೊಡಗಿತು. ಗಂಟಲಿನ ಡಾಕ್ಟರು, "ವಯಸ್ಸಾಯ್ತಲ್ಲಮ್ಮ, ಇದು ಹೋಗೋ ಕಾಯಿಲೆ ಅಲ್ಲ" ಅಂದುಬಿಟ್ಟರು. ಗೊತ್ತಾದರೆ ಮಕ್ಕಳನ್ನು ಯಾರು ತಾನೇ ಕಳಿಸುತ್ತಾರೆ? ನೇರಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಉದ್ದ ಸ್ವರ ಬಂದಲ್ಲೆಲ್ಲ ಬೇಕೆಂದೇ ಅಲೆಯಾಡಿಸಿದಂತೆ ನಟಿಸಿದಳು. ಪಾಪ, ಎಷ್ಟು ದಿನ ಅಂತ ಮುಚ್ಚಿಡುವುದು!

ದರ್ಜಿಯ ಮಗಳು ದೊಡ್ಡ ಸಂಗೀತ ಶಾಲೆಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಒಂದು ಸಂಜೆ ಅವಳು ಹಾಡುತ್ತಿದ್ದಾಗ ನೇರಕ್ಕ ಕಿಟಕಿ ಮುಚ್ಚಲು ಬೆನ್ನು ತಿರುಗಿಸಿದಳು. ಹಿಂದಿನಿಂದ ಕೇಳುತ್ತಿದ್ದುದು ತನ್ನದೇ ನಡುಕ! ಅದೇ ಜಾಗ, ಅದೇ ಮುದಿ ಅದುರು, ಹದಿನೇಳರ ಗಂಟಲಲ್ಲಿ. ಹುಡುಗಿ ಅದನ್ನೂ ಪಾಠವೆಂದೇ ನಂಬಿ, ಕಷ್ಟಪಟ್ಟು ಕಲಿತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸುಮ್ಮನಿದ್ದರೆ ಹುಡುಗಿ ಪರೀಕ್ಷೆಯಲ್ಲಿ ಬೀಳುತ್ತಾಳೆ. ಹೇಳಿದರೆ ಕೋಣೆ ಖಾಲಿಯಾಗುತ್ತದೆ. ನೇರಕ್ಕ ಕಿಟಕಿ ಮುಚ್ಚದೆಯೇ ಹುಡುಗಿಯ ಕಡೆ ತಿರುಗಿದಳು.

"ನಿಲ್ಲಿಸು ಮಗಳೇ," ಅಂದಳು. "ಆ ನಡುಕ ನಾನು ಕಲಿಸಿದ್ದಲ್ಲ. ನನ್ನ ಕಾಯಿಲೆ ಅದು."

ಹುಡುಗಿ ಕಣ್ಣು ಕಣ್ಣು ಬಿಟ್ಟಳು. "ಹಾಗಾದ್ರೆ ಅದಿಲ್ಲದೆ ಹೇಗಿರುತ್ತೆ? ಒಂದ್ಸಲ ಹಾಡಿ ತೋರಿಸಿ ಅಕ್ಕ."

ನೇರಕ್ಕ ಬಾಯಿ ತೆರೆದಳು. ಬಂದದ್ದು ನಡುಕವೇ. ಮತ್ತೆ ಹಾಡಿದಳು, ಮತ್ತೂ ನಡುಕ. "ನನ್ನಿಂದ ಆಗಲ್ಲ ಕಣೇ," ಎಂದು ಕುಸಿದು ಕೂತಳು. ನಾಚಿಕೆಯಿಂದ ಜೀವ ಹಿಡಿಯಾಯಿತು.

ಹುಡುಗಿ ಪಕ್ಕದಲ್ಲಿ ಕೂತು ಅವಳ ಕೈಯನ್ನೆತ್ತಿ ತನ್ನ ಗಂಟಲ ಮೇಲಿಟ್ಟುಕೊಂಡಳು. "ನನ್ನ ಸ್ವರ ನಡುಗಿದ ಕಡೆ ಬೆರಳಿಂದ ಒತ್ತಿ ತಿಳಿಸಿ."

ಹಾಡಿದಳು, ಬೆರಳು ಒತ್ತಿತು. ಮತ್ತೆ ಹಾಡಿದಳು, ಮತ್ತೆ ಒತ್ತಿತು. ಕತ್ತಲಾಗುವ ಹೊತ್ತಿಗೆ ಉದ್ದ ಸ್ವರವೊಂದು ಎಲ್ಲೂ ಅಲುಗದೆ ಕೊನೆಮುಟ್ಟಿತು. ನೇರಕ್ಕ ಕೈ ತೆಗೆಯಲಿಲ್ಲ. ತನ್ನ ಗಂಟಲು ಇನ್ನೆಂದೂ ಹಾಡಲಾರದ ಸ್ವರ ಬೆರಳ ಕೆಳಗೆ ಬೆಚ್ಚಗಿತ್ತು.

"ಇನ್ನೊಂದ್ಸಲ," ಅಂದಳು, ಅಳುತ್ತಲೇ.