ಪಕ್ಕದ ಹಾಸಿಗೆಯ ಮಾತು

ಮುದ್ದೆ ತಿರುವುತ್ತಿದ್ದ ಕೋಲು ಅಮ್ಮನ ಬಲಗೈಯಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವ ಬದಲು ಅವಳು ತನ್ನ ಕೈಯನ್ನೇ ನೋಡುತ್ತ ನಿಂತಳು. ಬಾಯಿ ಒಂದು ಕಡೆಗೆ ಎಳೆದಿತ್ತು.

"ಏಮೋ ಅಯಿತಾ ಉಂದೇ," ಅಂದಳು. ಏನೋ ಆಗ್ತಾ ಇದೆ ಎಂದು.

ಅಮ್ಮನ ಬಾಯಲ್ಲಿ ನಾನು ತೆಲುಗು ಕೇಳಿದ್ದು ಅದೇ ಮೊದಲು.

ಅವಳ ತವರು ಪಾವಗಡದ ಆಚೆ, ಗಡಿಯ ಹತ್ತಿರದ ಹಳ್ಳಿ. ಹೊಳವನಹಳ್ಳಿಗೆ ಸೊಸೆಯಾಗಿ ಬಂದಾಗ ನನ್ನ ಅಜ್ಜಿ, "ನಮ್ಮನೇಲಿ ಆ ಭಾಷೆ ಬ್ಯಾಡ ಕಣಮ್ಮ" ಅಂದರಂತೆ. ತವರಿನ ನಂಟೂ ಬೇಗ ಕಡಿದುಹೋಯಿತು. ಅಲ್ಲಿಂದಾಚೆ ಅಮ್ಮ ಬೈದದ್ದು, ಲಾಲಿ ಹಾಡಿದ್ದು, ದೇವರಲ್ಲಿ ಬೇಡಿಕೊಂಡದ್ದು ಎಲ್ಲ ಕನ್ನಡದಲ್ಲೇ. ಬೇರೊಂದು ಭಾಷೆ ಅವಳೊಳಗೆ ಹಾಗೇ ಕೂತಿದೆಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ತುಮಕೂರಿನಲ್ಲಿ ಸ್ಕ್ಯಾನ್ ಮಾಡಿದರು. ಸ್ಟ್ರೋಕ್. ಮೆದುಳಿನ ಎಡಭಾಗ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕೆಲವು ವಾರಗಳ ನಂತರ ಮಾತು ತುಣುಕು ತುಣುಕಾಗಿ ಮರಳಿತು.

ತೆಲುಗಿನಲ್ಲಿ.

"ಕೆಲವರಿಗೆ ಮೊದಲು ಕಲಿತ ಭಾಷೆ ಮೊದಲು ಬರುತ್ತೆ," ಅಂದರು ಡಾಕ್ಟರ್. "ಕನ್ನಡವೂ ಬರಬಹುದು. ಬರದೇನೂ ಇರಬಹುದು. ನುಂಗೋದು ಮಾತ್ರ ಹುಷಾರು. ಕೂರಿಸಿ, ಗದ್ದ ತಗ್ಗಿಸಿ, ಒಂದು ಗುಟುಕು ಒಳಗೆ ಹೋದ ಮೇಲೇ ಇನ್ನೊಂದು."

ಮಧುಗಿರಿಯ ನಮ್ಮ ಮನೆಯಲ್ಲೇ ನೋಡಿಕೊಂಡೆವು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಗಂಡನಿಗೂ ಡ್ಯೂಟಿ. ಹಗಲು ನೋಡಿಕೊಳ್ಳಲು ಬಂದವರು ಯಾರೂ ನಿಲ್ಲಲಿಲ್ಲ. ಅಮ್ಮನ ಬೆನ್ನ ಕೆಳಗೆ ಚರ್ಮ ಕೆಂಪಾಗಿ, ಹುಣ್ಣಾಗಲು ತೊಡಗಿದಾಗ ಹೆದರಿದೆ. ನಮ್ಮ ಕಡೆ ನರ್ಸಿಂಗ್ ಹೋಂ ಅಂದರೆ ಸಣ್ಣ ಖಾಸಗಿ ಆಸ್ಪತ್ರೆ. ನಮಗೆ ಬೇಕಾಗಿದ್ದುದು ತಿಂಗಳುಗಟ್ಟಲೆ ಇರಿಸಿಕೊಂಡು ನೋಡಿಕೊಳ್ಳುವ ಜಾಗ. ಅಂಥವು ಮೂರು ಸಿಕ್ಕವು.

ಪರೀಕ್ಷೆ ಮಾಡುವುದು ನನ್ನ ಕಸುಬು. ಹೇಳದೆ ಕೇಳದೆ ಹೋದೆ. ಕರೆಗಂಟೆ ಒತ್ತಿ ಯಾರು ಬರುತ್ತಾರೆಂದು ಕಾದೆ. ಮಲಗಿದ್ದವರ ಹಿಮ್ಮಡಿ ನೋಡಿದೆ. ಮಗ್ಗುಲು ಬದಲಿಸದ ಕಡೆ ಅಲ್ಲಿ ಹುಣ್ಣಾಗಿರುತ್ತದೆ. ನೀರಿನ ಲೋಟ ಅವರ ಚೆನ್ನಾಗಿರುವ ಕೈಗೆ ಎಟುಕುತ್ತದೆಯೇ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ ನೋಡಿದೆ. ಶಿರಾದ್ದರಲ್ಲಿ ಮೆಟ್ಟಿಲು ಕಡಿದು, ಲಿಫ್ಟ್ ಇರಲಿಲ್ಲ. ಪಾವಗಡದ್ದು ಪರವಾಗಿಲ್ಲ, ಆದರೆ ಹಳೆಯ ಕಟ್ಟಡ. ಮಧುಗಿರಿಯದು ಎಲ್ಲದರಲ್ಲೂ ಪಾಸಾಯಿತು, ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಬೇರೆ. ಅಲ್ಲಿ ಬೆಡ್ ಖಾಲಿ ಇರಲಿಲ್ಲ. ಆಗುವವರೆಗೆ ಎಂದುಕೊಂಡು ಅಮ್ಮನನ್ನು ಪಾವಗಡದಲ್ಲಿ ಬಿಟ್ಟೆ.

ಪಕ್ಕದ ಹಾಸಿಗೆಯಲ್ಲಿ ನರಸಮ್ಮ ಇದ್ದರು. ಬಲಸಮುದ್ರದ ಕಡೆಯವರು, ಮನೆಮಾತು ತೆಲುಗು. ಅವರ ಹೊಲದಲ್ಲಿ ಈಗ ಸೋಲಾರ್ ಹಲಗೆಗಳು ನಿಂತಿವೆ. ಎಮ್ಮೆ ತಳ್ಳಿ ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಚೇತರಿಸಿಕೊಳ್ಳಲು ಬಂದಿದ್ದವರು.

ಮುಂದಿನ ಭಾನುವಾರ ಹೋದಾಗ ಅಮ್ಮ ನಗುತ್ತಿದ್ದಳು. ಬಾಯಿಯ ಅರ್ಧದಲ್ಲಿ. ನನ್ನನ್ನು ನೋಡಿ ಅಲ್ಲ.

"ಬಾ ಕಣಮ್ಮ ಮೇಡಮ್ಮ," ಅಂದರು ನರಸಮ್ಮ. "ನಿಮ್ಮಮ್ಮ ಬಾವೀಗೆ ಬಿದ್ದ ಮೇಕೆ ಕತೆ ಹೇಳ್ತಾವ್ಳೆ. ನಾಕು ಮಾತು, ಮಿಕ್ಕಿದ್ದೆಲ್ಲ ಎಡಗೈಲೇ. ಈಜಿ ಎತ್ಕಂಡು ಬಂದ್ಲಂತೆ!"

"ನಮ್ಮಮ್ಮನಿಗೆ ಈಜು ಬರಲ್ಲ," ಅಂದೆ.

"ಅಯ್ಯೋ, ನಿಂಗೆ ಗೊತ್ತಿಲ್ವಾ? ಒಳ್ಳೆ ಮಗಳು ಬುಡು!"

ಅಮ್ಮ ಅವರನ್ನು "ವದಿನಾ" ಎಂದು ಕರೆಯುತ್ತಿದ್ದಳು. ಅತ್ತಿಗೆ ಎಂದು. ಸ್ಟ್ರೋಕ್ ಆದಂದಿನಿಂದ ನನ್ನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಆರೈಕೆ ಚೆನ್ನಾಗಿದೆ, ಬೆನ್ನು ವಾಸಿಯಾಗುತ್ತಿದೆ, ಅಮ್ಮ ಖುಷಿಯಾಗಿದ್ದಾಳೆ, ಮಗಳಾದವಳಿಗೆ ಇನ್ನೇನು ಬೇಕು ಎಂದು ವಾಪಸು ಬರುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆ ಉರಿಯಿತು. ನನ್ನನ್ನು ಹೆತ್ತವಳ ಬಾಲ್ಯ ಯಾರೋ ಅಪರಿಚಿತೆಯ ಪಾಲಾಗುತ್ತಿತ್ತು, ಅದನ್ನು ಕೇಳಿಸಿಕೊಳ್ಳಲು ನನಗೆ ದುಭಾಷಿ ಬೇಕಿತ್ತು.

ಪ್ರತಿ ವಾರವೂ ಅದೇ. ನಾನು ತಂದ ಹಣ್ಣನ್ನು ಅಮ್ಮ ಮೊದಲು ಆ ಹಾಸಿಗೆಯತ್ತ ಚಾಚುತ್ತಿದ್ದಳು. ನರಸಮ್ಮ ಬೇಗ ಮನೆಗೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರ ಒಳಿತಿಗಾಗಿ ಅಲ್ಲ.

ಅಷ್ಟರಲ್ಲಿ ಮಧುಗಿರಿಯಿಂದ ಫೋನ್ ಬಂತು. ಬೆಡ್ ಖಾಲಿಯಾಗಿದೆ. ಭಾನುವಾರವೇ ಕರೆದುಕೊಂಡು ಬರುತ್ತೇವೆ ಅಂದೆ. ಗಂಡ, "ಅಲ್ಲಿ ಹೊಂದ್ಕೊಂಡವ್ರೆ, ಯಾಕೆ ಎಬ್ಬಿಸ್ತೀಯ?" ಅಂದರು. ಮಧುಗಿರಿಯ ಬಚ್ಚಲಿನ ಕಂಬಿಯ ಬಗ್ಗೆ ಅವರಿಗೆ ಉದ್ದಕ್ಕೆ ವಿವರಿಸಿದೆ.

ಆ ಭಾನುವಾರ ಬೆಳಿಗ್ಗೆ ನರಸಮ್ಮನನ್ನು ಫಿಸಿಯೋಥೆರಪಿಗೆ ಕರೆದೊಯ್ದಿದ್ದರು. ಗಂಜಿ ತಂದ ಆಯಾಗೆ, "ನಾನೇ ತಿನ್ನಿಸ್ತೀನಿ ಬಿಡಿ" ಅಂದೆ. ನನ್ನ ಗಂಡ ಬಿಲ್ ಕಟ್ಟಲು ಹೋಗಿದ್ದರು. ನಾವಿಬ್ಬರೇ. ಎಷ್ಟೋ ದಿನಗಳ ಮೇಲೆ ಅಮ್ಮ ನನ್ನ ಮುಖವನ್ನಷ್ಟೇ ನೋಡುತ್ತಿದ್ದಳು.

ಕೆಲವು ಚಮಚಗಳ ನಂತರ ಅವಳು ಅಂದಳು: "ಚಾಲು."

ಕನ್ನಡ! ಬೇಸಿಗೆಯಲ್ಲಿ ಸಂಪು ತುಂಬಿದಾಗ ಅಮ್ಮ ದಿನವೂ ಅನ್ನುತ್ತಿದ್ದ ಮಾತು, "ಮೋಟರ್ ಚಾಲು ಮಾಡೇ." ಮುಂದುವರಿಸು ಅನ್ನುತ್ತಿದ್ದಾಳೆ, ನನ್ನ ಕೈಯಿಂದ ಇನ್ನೂ ಬೇಕು ಅನ್ನುತ್ತಿದ್ದಾಳೆ.

"ಹೂಂ ಅಮ್ಮ, ಚಾಲು, ಚಾಲು," ಎನ್ನುತ್ತ ಬೇಗ ಬೇಗ ಚಮಚ ಇಟ್ಟೆ. ಅವಳು ಮುಖ ತಿರುಗಿಸಿದಳು. ಚಮಚವೂ ತಿರುಗಿತು. "ಚಾಲು," ಅಂದಳು ಇನ್ನೊಮ್ಮೆ, ಬಾಯಿ ತುಂಬಿದ್ದಾಗ.

ಆಮೇಲೆ ಶಬ್ದವೇ ಇಲ್ಲ.

ಕೆಮ್ಮಿದ್ದರೆ ತಿಳಿಯುತ್ತಿತ್ತೇನೋ. ಕೆಮ್ಮಲಿಲ್ಲ. ಕಣ್ಣು ಅಗಲವಾಯಿತು. ತುಟಿ ನೀಲಿಯಾಯಿತು. ಎಡಗೈ ನನ್ನ ಸೆರಗನ್ನು ಹಿಡಿದು ಜಗ್ಗಿತು. ಕರೆಗಂಟೆ ಒತ್ತಬೇಕೆಂಬುದೂ ಹೊಳೆಯಲಿಲ್ಲ.

ಬಾಗಿಲಲ್ಲಿ ವೀಲ್‌ಚೇರ್ ಮೇಲಿದ್ದ ನರಸಮ್ಮ ಕಿರುಚಿದರು: "ಚಾಲಂಟಾ ಉಂದಿ ಕದಮ್ಮಾ! ಸಾಕಂತೆ! ಸಾಕು ಅಂತಾವ್ಳೆ, ಬುಡೇ!"

ನರ್ಸ್ ಓಡಿಬಂದರು. ಅಮ್ಮನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದರು. ಗಂಟಲಿಗೆ ಸಕ್ಷನ್ ನಳಿಗೆ ಹಾಕಿ ಎಳೆದರು. ಗಂಜಿ ಬಂತು, ಆಮೇಲೆ ಉಸಿರು.

ಶ್ವಾಸಕೋಶಕ್ಕೆ ಸ್ವಲ್ಪ ಇಳಿದಿರಬಹುದೆಂದು ಆಂಟಿಬಯೋಟಿಕ್ ಕೊಟ್ಟು, ಜ್ವರ ಬರುತ್ತದೇನೋ ಎಂದು ಕಾದರು. ಬಂತು, ಇಳಿಯಿತು. ಆ ದೃಶ್ಯ ಮಾತ್ರ ನನ್ನೊಳಗಿಂದ ಇಳಿದಿಲ್ಲ. ಪಾಠ ಮಾಡುವಾಗ ಮಧ್ಯದಲ್ಲೇ ನನ್ನ ಕೈಯಲ್ಲಿ ಸೀಮೆಸುಣ್ಣದ ಬದಲು ಚಮಚ ಕಾಣುತ್ತದೆ. ಪಾವಗಡದ ಬಸ್ಸುಗಳಲ್ಲಿ "ಚಾಲು ಲೇ" ಎಂದು ಜನ ಎಷ್ಟು ಸಲ ಅಂದಿದ್ದಾರೋ. ಆ ಮಾತಿನ ಅರ್ಥ ನನಗೆ ತಿಳಿಯದ್ದೇನೂ ಅಲ್ಲ. ಆ ಗಳಿಗೆಯಲ್ಲಿ ಅದು ಕನ್ನಡವಾಗಿರಬೇಕಿತ್ತು, ಅಷ್ಟೇ. ನರಸಮ್ಮನಿಗೆ ಸೇರದ, ನನಗೊಬ್ಬಳಿಗೇ ಸೇರಿದ ಒಂದು ಮಾತು ಬೇಕಿತ್ತು.

ಮಧುಗಿರಿಯವರಿಗೆ ಫೋನ್ ಮಾಡಿದೆ. "ನಿಮ್ಮಲ್ಲಿ ತೆಲುಗು ಬರೋರು ಯಾರಾದ್ರೂ ಇದ್ದಾರಾ?"

"ಮೇಡಂ, ನಮ್ಮಲ್ಲಿ ಎಲ್ಲ ಫೆಸಿಲಿಟೀಸ್ ಇದೆ," ಅಂದರು.

ಬೆಡ್ ಬೇಡ ಅಂದೆ.

ಈಗಲೂ ಅಮ್ಮ ಪಾವಗಡದಲ್ಲೇ ಇದ್ದಾಳೆ. ತಾನೇ ಎಡಗೈಯಲ್ಲಿ ಉಣ್ಣುವುದನ್ನು ಕಲಿಯುತ್ತಿದ್ದಾಳೆ. ಕನ್ನಡ ಬಂದಿಲ್ಲ. ನಾನು ಆಯಾಗಳಿಂದ ಒಂದಿಷ್ಟು ತೆಲುಗು ಕಲಿತಿದ್ದೇನೆ. ನನ್ನ ಉಚ್ಚಾರಣೆಗೆ ವಾರ್ಡೆಲ್ಲ ನಗುತ್ತದೆ. ಕಳೆದ ವಾರ ನರಸಮ್ಮ ವಾಕರ್ ಹಿಡಿದು ಬಾಗಿಲವರೆಗೆ ನಡೆದರು. ಡಾಕ್ಟರ್ ಇನ್ನು ಮನೆಗೆ ಹೋಗಬಹುದು ಅಂದಿದ್ದಾರಂತೆ.

ನನ್ನ ಮುಖ ಬಾಡಿದ್ದನ್ನು ಅವರು ನೋಡಿದರು.

"ಯಾಕಮ್ಮ? ನಾನು ಯಾವಾಗ ತೊಲಗ್ತೀನೋ ಅಂತ ಕಾಯ್ತಿದ್ದೆ ಅಲ್ವಾ? ನಂಗೊತ್ತಿಲ್ಲ ಅಂದ್ಕಂಡಾ?"

"ಇನ್ನೂ ಸ್ವಲ್ಪ ದಿನ ಇರಿ ನರಸಮ್ಮ," ಅಂದೆ.

"ಅದ್ಕೆ ಇನ್ನೊಂದು ಸೊಂಟ ಮುರ್ಕಣ್ಲಾ? ನಮ್ಮೆಮ್ಮೆ ಕರೆಸ್ಲಾ?" ಎಂದು ಅದನ್ನೇ ತೆಲುಗಿನಲ್ಲಿ ಅಮ್ಮನಿಗೂ ಹೇಳಿದರು. ಅಮ್ಮ ಹೊಟ್ಟೆ ಕುಲುಕಿಸಿ ನಕ್ಕಳು. ಏನೋ ತಿರುಗಿ ಅಂದಳು. ಇಬ್ಬರೂ ನನ್ನನ್ನು ನೋಡಿ ಮತ್ತೆ ನಕ್ಕರು. ಅದರ ಅರ್ಥ ನನಗೆ ಆಗಲಿಲ್ಲ, ಯಾರೂ ಹೇಳಲೂ ಇಲ್ಲ.

ಅಮ್ಮ ಎಡಗೈಯಿಂದ ಹಾಸಿಗೆಯ ಅಂಚು ತಟ್ಟಿದಳು. ಕೂತೆ. ಅವರ ಮಾತು ಬಸ್ಸಿನ ಹೊತ್ತು ಮೀರಿದರೂ ನಡೆದೇ ಇತ್ತು. ಹೊಟ್ಟೆ ಉರಿಯುತ್ತಲೇ ಇತ್ತು. ಏಳಲಿಲ್ಲ.