ಹನ್ನೆರಡು ಹಾಳೆಯ ಕರು

ಹೋದ ವಾರ ನನ್ನ ಸೊಸೆ ಈರುಳ್ಳಿ ಹೆಚ್ಚಿ ಬಾಟಲಿಗೆ ತುಂಬಿ ಮೇಲೆ ವಿನಿಗರ್ ಸುರಿದಳು. ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ ನನ್ನ ಮೂಗಿಗೆ ಆ ಹುಳಿ ವಾಸನೆ ತಾಕಿದ್ದೇ ತಡ, ಮಂಡ್ಯದ ಈ ಮನೆ ಎಲ್ಲೋ ಸರಿದುಹೋಯಿತು. ಮಳವಳ್ಳಿಯ ಇಕ್ಕಟ್ಟಾದ ಒಂದು ಕೋಣೆ, ರಸ್ತೆಗೆ ತೆರೆದ ಕಿಟಕಿ, ಅದರ ಕೆಳಗೊಂದು ತಗಡಿನ ಟ್ರಂಕು... "ಅಕ್ಕನ ಟ್ರಂಕಿನ ವಾಸನೆ" ಎಂದೆ. ಯಾವ ಅಕ್ಕ ಎಂದು ಸೊಸೆ ಕೇಳಿದಳು. ಹೇಳಲು ಹೊರಟರೆ ಒಲೆಯ ಮೇಲಿನ ಅನ್ನ ಸೀದುಹೋದೀತೆಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಬೆಳಕವಾಡಿಯ ಒಕ್ಕಲು ಮನೆಯಿಂದ ಮದುವೆಯಾಗಿ ಮಳವಳ್ಳಿಗೆ ಬಂದಿದ್ದೆ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ದನಕರುಗಳ ಗದ್ದಲದಲ್ಲಿ ಬೆಳೆದವಳಿಗೆ ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿ ಹಲ್ಲಿಯನ್ನಾದರೂ ಮಾತಾಡಿಸೋಣ ಎನಿಸುತ್ತಿತ್ತು. ಆಗ ನನಗೆ ಸಿಕ್ಕವರು ಪಕ್ಕದ ಮನೆಯ ಅಕ್ಕ.

ಐವತ್ತರ ಹತ್ತಿರದ ಹೆಂಗಸು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಂಡು ಒಬ್ಬರೇ ಇದ್ದರು. ಜನ ಅವರನ್ನು ಬೊಂಬಾಯಮ್ಮ ಎನ್ನುತ್ತಿದ್ದರು, ಯಾಕೆಂದರೆ ಗಂಡನ ಕರೆಂಟಿನ ಕೆಲಸದ ದೆಸೆಯಿಂದ ಅವರು ಬಹಳ ವರ್ಷ ಬೊಂಬಾಯಿಯಲ್ಲಿದ್ದು ಬಂದಿದ್ದರು. ಅಲ್ಲಿ ಅವರು ಏನು ಮಾಡುತ್ತಿದ್ದರೆಂದು ಯಾರೂ ಕೇಳಿರಲಿಲ್ಲ. ಕೇಳಿದವಳು ನಾನೊಬ್ಬಳೇ ಇರಬೇಕು, ಅದೂ ಹೊತ್ತು ಹೋಗದೆ.

ಅಕ್ಕ ಅಲ್ಲಿ ಕಾರ್ಟೂನ್ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರಂತೆ. ನನಗೆ ಅರ್ಥವಾಗಲಿಲ್ಲ. ಟೀವಿಯನ್ನು ನಾವಿನ್ನೂ ಕಂಡಿರಲಿಲ್ಲ. ಕಾರ್ಟೂನೆಂದರೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಎಂದೋ ಒಮ್ಮೆ ಬರುತ್ತಿದ್ದ ಸರ್ಕಾರದ ರೀಲು. ಅದು ಓಡುವಾಗ ಅರ್ಧ ಊರು ಹೊರಗೆ ಕಡ್ಲೆಕಾಯಿ ತಿನ್ನುತ್ತಿರುತ್ತಿತ್ತು. ಅಕ್ಕ ಮಿಷಿನ್ನು ತುಳಿಯುತ್ತಲೇ ವಿವರಿಸಿದರು. ಮೊದಮೊದಲು ಫಾರಿನ್ನಿನಲ್ಲಿ ಕಾಗದದ ಮೇಲೆಯೇ ಬರೆಯುತ್ತಿದ್ದರಂತೆ. ಕುದುರೆ ಒಂದು ಹೆಜ್ಜೆ ಇಟ್ಟರೆ ಕುದುರೆಯ ಜೊತೆಗೆ ಹಿಂದಿನ ಮರ, ಬೇಲಿ, ಬೆಟ್ಟ ಎಲ್ಲವನ್ನೂ ಮತ್ತೆ ಬರೆಯಬೇಕು; ಸಾವಿರ ಚಿತ್ರಕ್ಕೆ ಸಾವಿರ ಸಲ ಅದೇ ಮರ. ಆಮೇಲೆ ಯಾರೋ ಪುಣ್ಯಾತ್ಮರಿಗೆ ಗಾಜಿನಂಥ ಹಾಳೆಯ ಉಪಾಯ ಹೊಳೆಯಿತು. ಮರವನ್ನು ಒಂದೇ ಸಲ ಕಾಗದದ ಮೇಲೆ ಬರೆದಿಟ್ಟು, ಅದರ ಮೇಲೆ ಕುದುರೆಯ ಹಾಳೆಗಳನ್ನು ಒಂದೊಂದಾಗಿ ಇಟ್ಟು ಫೋಟೋ ತೆಗೆದರಾಯಿತು. ಹಾಳೆಯ ಮುಂಭಾಗದಲ್ಲಿ ಗೆರೆ ಎಳೆಯುವವರು ಬೇರೆ. ಗೆರೆ ಕೆಡದಂತೆ ಬೆನ್ನಿನ ಕಡೆಯಿಂದ ಬಣ್ಣ ತುಂಬುವವರು ಬೇರೆ, ಅದರಲ್ಲೂ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣ.

"ಇಲ್ಲೇ ಟಾಕೀಸಲ್ಲಿ ಒಂದ್ಸಲ ನಮ್ದೇ ಚಿತ್ರ ಬಂದಿತ್ತು ಕಣಮ್ಮಿ," ಎಂದರು ಅಕ್ಕ. "ಕಣ್ ಬುಟ್ಕಂಡು ನೋಡ್ದೆ. ಆ ಗಿಳಿಗೆ ಆಕಿದ್ ಅಸ್ರು ನಂದೋ ಇನ್ನೊಬ್ಬಳದೋ ಗೊತ್ತಾಗ್ನಿಲ್ಲ."

ಅಷ್ಟು ಹೇಳಿ ಟ್ರಂಕು ತೆಗೆದರು. ಆ ಹುಳಿ ವಾಸನೆ ಕೋಣೆಯ ತುಂಬ ಹರಡಿತು; ಆ ಗಾಜಿನಂಥ ಹಾಳೆ ಹಳತಾದರೆ ಬರುವ ವಾಸನೆಯಂತೆ. ಬಟ್ಟೆಯಲ್ಲಿ ಸುತ್ತಿದ್ದ ಹನ್ನೆರಡು ಹಾಳೆ, ಒಂದೊಂದರಲ್ಲೂ ಒಂದು ಕಂದು ಕರು. ಚಿತ್ರದಿಂದ ಕೈಬಿಟ್ಟ ಒಂದು ತುಣುಕಂತೆ ಅದು; ಹಾಗಾಗಿ ಯಾರೂ ಅದರ ಫೋಟೋ ತೆಗೆದಿರಲಿಲ್ಲ. ಆದರೆ ಆ ಕರುವಿಗೆ ಹನ್ನೆರಡರಲ್ಲೂ, ಮೂತಿಯಿಂದ ಗೊರಸಿನವರೆಗೂ, ಬಣ್ಣ ತುಂಬಿದ್ದು ಅಕ್ಕ ಒಬ್ಬರೇ. ಒಂದೊಂದು ಹಾಳೆಗೆ ಎರಡೆರಡು ಫೋಟೋ ತೆಗೆದು ಓಡಿಸಿದರೆ ಪರದೆಯ ಮೇಲೆ ಒಂದು ಸೆಕೆಂಡು. ಕರು ನೆಲದಿಂದ ನೆಗೆದು ಮತ್ತೆ ನೆಲಕ್ಕೆ ಬರುತ್ತದೆ. ಅದು ನೆಗೆಯುವುದನ್ನು ಅಕ್ಕ ಕಂಡಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಕಾಣಬೇಕೆಂಬ ಆಸೆ ಅವರಿಗೆ. "ನಂದು ಅನ್ನಕೆ ಇದೊಂದೇ ಇರೋದು," ಎಂದರು.

ಒಂದು ಹಾಳೆಯನ್ನು ಕಿಟಕಿಗೆ ಹಿಡಿದರು. ಕರುವಿನ ಹಿಂದೆ ಮರವೂ ಇಲ್ಲ, ಬೇಲಿಯೂ ಇಲ್ಲ, ಮಳವಳ್ಳಿಯ ರಸ್ತೆಯೇ ಇತ್ತು. ಸೈಕಲ್ಲೊಂದು ಕರುವಿನ ಹೊಟ್ಟೆಯ ಮರೆಗೆ ಹೋಗಿ ಬಾಲದ ಕಡೆಯಿಂದ ಹೊರಗೆ ಬಂತು. ಮದ್ದೂರಿನ ಬಸ್ಸು ಧೂಳೆಬ್ಬಿಸಿ ಹೋಯಿತು, ಕರು ಮಾತ್ರ ನಿಂತಲ್ಲೇ ನಿಂತಿತ್ತು. ಎಷ್ಟು ಮಧ್ಯಾಹ್ನ ಹಾಗೆ ನೋಡುತ್ತಾ ಕೂತೆವೋ... ಬೇರೆ ಬೇರೆ ಹಾಳೆ ಹಿಡಿಯುವುದು, ಕರುವಿನ ಹಿಂದೆ ಯಾರು ಬರುತ್ತಾರೆ ಎಂದು ಕಾಯುವುದು. ಅಷ್ಟು ಸುಖದ ಮಧ್ಯಾಹ್ನಗಳು ನನಗೆ ಆಮೇಲೆ ಬಹಳ ಸಿಗಲಿಲ್ಲ.

ದಾರಿ ತೋರಿದವರು, ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ಒಬ್ಬ ಎಂಜಿನಿಯರು. ಅಲ್ಲಿನ ಪವರ್ ಹೌಸಿನಲ್ಲಿದ್ದ ಅವರು ಹೆಂಡತಿಯ ರವಿಕೆ ಹೊಲಿಸಲು ಅಕ್ಕನಲ್ಲಿಗೆ ಬರುತ್ತಿದ್ದರು. ಅವರ ಬಳಿ ಪುಟ್ಟದೊಂದು ಮೂವಿ ಕ್ಯಾಮೆರಾ ಇದೆ, ಒಂದು ಸಲಕ್ಕೆ ಒಂದೇ ಚಿತ್ರವನ್ನೂ ಅದು ಹಿಡಿಯುತ್ತದೆ ಎಂದು ಮಾತಿನ ನಡುವೆ ತಿಳಿಯಿತು. ಅಕ್ಕನ ಮಿಷಿನ್ನು ನಿಂತುಬಿಟ್ಟಿತು. ಬರುವ ಭಾನುವಾರ ಮಧ್ಯಾಹ್ನ ಕರುವಿನ ಫೋಟೋ ಹಿಡಿಯುವುದೆಂದು ನಿಗದಿಯಾಯಿತು. ಬಿಸಿಲು ಚೆನ್ನಾಗಿ ಬೀಳುವುದು ನಮ್ಮ ಹಿತ್ತಲಿನಲ್ಲಿ, ಆದ್ದರಿಂದ ಅಕ್ಕ ಶುಕ್ರವಾರವೇ ಹಾಳೆಗಳನ್ನು ತಂದು ನನ್ನ ಕೈಯಲ್ಲಿಟ್ಟರು. "ಜ್ವಾಪಾನ ಕಣಮ್ಮಿ" ಎಂದರು.

ಆಗಿನ ನಮ್ಮ ಕಡೆಯಲ್ಲಿ ಫೋಟೋ ಎಂದರೆ ಮುಖ ತೊಳೆಯಲೇಬೇಕು. ಸ್ಟುಡಿಯೋದ ಬಾಗಿಲಲ್ಲೇ ನೀರಿನ ಬಕೆಟ್ಟು, ಪೌಡರ್ ಡಬ್ಬಿ, ಬಾಚಣಿಗೆ ಇಟ್ಟಿರುತ್ತಿದ್ದರು. ನನ್ನ ಮದುವೆಯ ಫೋಟೋಕ್ಕೆ ಮುಂಚೆ ಅವ್ವ ಕಡಲೆಹಿಟ್ಟು ಹಾಕಿ ಉಜ್ಜಿದ ಉಜ್ಜಿಗೆ ಎರಡು ದಿನ ಕೆನ್ನೆ ಉರಿದಿತ್ತು. ಶನಿವಾರ ಬೆಳಗ್ಗೆ ಹಾಳೆಗಳನ್ನು ಹರಡಿ ನೋಡಿದರೆ ನಡುವಿನ ನಾಲ್ಕಕ್ಕೆ, ಆರನೆಯದರಿಂದ ಒಂಬತ್ತನೆಯದರವರೆಗೆ, ಬೂಷ್ಟು ಹಿಡಿದಿತ್ತು. ನಾಳೆ ಈ ಕರುವಿನ ಫೋಟೋ. ಬೂಷ್ಟು ಹಿಡಿದ ಮೈಯಲ್ಲಿ ಬ್ಲಫಿನ ಸಾಹೇಬರ ಮುಂದೆ ನಿಲ್ಲಿಸುವುದೇ? ಎತ್ತಿನ ಗಾಡಿಗೆ ಬಳಿದ ಬಣ್ಣದ ಹಾಗೆ ಇದೂ ನೀರಿಗೆ ಜಗ್ಗದ ಬಣ್ಣ ಎಂದುಕೊಂಡೆ. ಸೀಗೆಪುಡಿ ಕಲಸಿದ ನೀರಿನಲ್ಲಿ ನಾಲ್ಕನ್ನೂ ನೆನೆಹಾಕಿ ಸಾರಿಗೆ ಒಗ್ಗರಣೆ ಕೊಡಲು ಹೋದೆ. ಅಕ್ಕ ಬಂದು ನೋಡಿ ಮೆಚ್ಚಿಕೊಳ್ಳುತ್ತಾರೆಂದು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ.

ವಾಪಸು ಬಂದಾಗ ಬೋಗುಣಿಯ ನೀರು ಕೆಂಚಗಾಗಿತ್ತು. ಒಂದು ಹಾಳೆ ಎತ್ತಿ ಹಿಡಿದೆ. ಅದರೊಳಗಿಂದ ನನ್ನ ಬೆರಳು ಕಂಡವು. ಕರು ಇರಲಿಲ್ಲ, ಗೆರೆಯೂ ಇರಲಿಲ್ಲ.

ಬಚ್ಚಿಡೋಣವೆಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಆ ಬೋಗುಣಿಯನ್ನೇ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ನೀರನ್ನು ನೋಡಿದರು, ಹಾಳೆಗಳನ್ನು ನೋಡಿದರು, ಹೊಸಿಲ ಮೇಲೆ ಕೂತುಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನನ್ನು ನೋಡದೆ ಹೇಳಿದರು: "ತೊಳ್ಯಕೆ ಅಂತ್ಲೇ ಕೊಟ್ಟಿದ್ರು ಇವ್ನ. ತೊಳ್ದು ಇನ್ನೊಂದ್ ಚಿತ್ರಕ್ಕೆ ಬಳಸ್ಬೇಕಿತ್ತು. ಬೊಂಬಾಯಲ್ಲಿ ನಾನು ತೊಳೀದೆ ಬಚ್ಚಿಟ್ಕಂಡ್ ಬಂದೆ. ಇಲ್ಲಿ ನೀನು ತೊಳ್ದೆ."

ನಾನು ಅಳುತ್ತಾ ನಿಂತಿದ್ದೆ. ಮತ್ತೆ ಬಣ್ಣ ತುಂಬಿ ಎಂದು ಕೇಳಿಕೊಂಡೆ. ಅಕ್ಕ ತಲೆಯಾಡಿಸಿದರು. ಅಷ್ಟು ವರ್ಷ ಆ ಕೆಲಸ ಮಾಡಿದರೂ ಅವರಿಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಯಾರೋ ಎಳೆದ ಗೆರೆಯೊಳಗೆ ತುಂಬುವುದಷ್ಟೇ ಅವರ ವಿದ್ಯೆ. ಹಾಗೆ ಹೇಳುತ್ತಿದ್ದವರ ಕಣ್ಣು ನಮ್ಮ ಬಾಗಿಲ ಮುಂದಿನ ರಂಗೋಲಿಯ ಮೇಲೆ ಬಿತ್ತು.

"ಅದ್ನ ಯಾರ್ ಬುಟ್ಟಿದ್ದು?"

"ನಾನೇ ಅಕ್ಕ."

"ಕೈ ನಡುಗ್ದಂಗೆ ಬುಟ್ಟಿದ್ದೀಯ. ಬಾ."

ಹಾಳೆ ಆರಿಸಿದೆವು. ಯಜಮಾನರ ಕಚೇರಿಯ ಮಸಿ, ಮೊನೆಯ ಲೇಖನಿ ಬಂದವು. ಪ್ರತಿ ಹಾಳೆಯ ಅಂಚಿನಲ್ಲಿ ಮೂರು ತೂತು. ಎಂಜಿನಿಯರು ಬ್ಲಫಿನ ಬಡಗಿಯಿಂದ ಮಾಡಿಸಿ ಕಳಿಸಿದ್ದ ಹಲಗೆಯ ಮೂರು ಗೂಟಕ್ಕೆ ಸಿಕ್ಕಿಸಿದರೆ ಕದಲದೆ ಒಂದರ ಮೇಲೊಂದು ಕೂರುತ್ತಿತ್ತು. ಕೆಳಗೆ ಐದನೆಯ ಕರು, ಅದರ ಮೇಲೆ ಹತ್ತನೆಯ ಕರು, ಅದರ ಮೇಲೆ ಖಾಲಿ ಹಾಳೆ. ಎರಡರ ನಡುವೆ ಕಾಲು ಎಲ್ಲಿರಬೇಕೆಂದು ಅಕ್ಕ ಬೆರಳಿಟ್ಟು ತೋರಿಸಿದರು. ನಾನು ನೋಡಿದೆ. ನೋಡಿದಷ್ಟೂ ತಪ್ಪೆನ್ನಿಸಿತು. ನಮ್ಮ ಕೊಟ್ಟಿಗೆಯಲ್ಲಿ ಕಣ್ಣಿ ಬಿಚ್ಚಿದೊಡನೆ ಕರು ಹಿಂಗಾಲೆರಡನ್ನೂ ಪಕ್ಕಕ್ಕೆ ಎಸೆದು, ಬಾಲವನ್ನು ನೆಟ್ಟಗೆ ಮೇಲೆತ್ತಿ, ಗಾಳಿಯಲ್ಲೇ ಮೈ ತಿರುವಿ ನೆಗೆಯುತ್ತಿತ್ತು. "ಕರ ಇಂಗೆ ನೆಗ್ಯಕಿಲ್ಲ ಅಕ್ಕ," ಎಂದುಬಿಟ್ಟೆ. ಅವರ ಹಾಳೆ ಹಾಳುಮಾಡಿದ್ದಲ್ಲದೆ ಬೊಂಬಾಯಿಯ ಗೆರೆಗೇ ತಪ್ಪು ಹಿಡಿದ ನನ್ನ ಉದ್ಧಟತನಕ್ಕೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಅಕ್ಕ ಹಾಳೆಯ ಮೇಲಿಂದ ಬೆರಳು ತೆಗೆದರು. "ಎಂಗ್ ನೆಗಿತದೋ ಅಂಗೇ ಬರಿ" ಎಂದರು.

ಬರೆದೆ. ಬಾಲ ಮೇಲೆತ್ತಿದ ನಾಲ್ಕು ಕರು. ಬಣ್ಣದ ಸೀಸೆಗಳು ಒಣಗಿ ಕಲ್ಲಾಗಿದ್ದವು, ಹಾಗಾಗಿ ಅಕ್ಕ ಕೆಮ್ಮಣ್ಣು ಅರೆದು, ಬಟ್ಟೆಯಲ್ಲಿ ಸೋಸಿ, ಗೋಂದು ಕಲಸಿ ಹಾಳೆಯ ಬೆನ್ನಿಗೆ ತುಂಬಿದರು. ಕುಂಚದ ತುದಿ ಗೆರೆಯವರೆಗೆ ಬಂದು, ಗೆರೆಯನ್ನು ಒಂದು ಕೂದಲಿನಷ್ಟೂ ದಾಟದೆ ನಿಲ್ಲುತ್ತಿತ್ತು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಒಂಬತ್ತನೆಯ ಹಾಳೆಯೂ ಮುಗಿಯಿತು. ಮಧ್ಯಾಹ್ನ ಎಂಜಿನಿಯರು ಬಂದರು. ಅಕ್ಕ ಕೆಳಗೆ ಹುಲ್ಲಿನ ಬದಲು ಹಸಿರು ರವಿಕೆಯ ಬಟ್ಟೆ ಹಾಸಿ ಹಾಳೆ ಬದಲಿಸುತ್ತಾ ಹೋದರು, ಕ್ಯಾಮೆರಾ ಟಿಕ್ ಟಿಕ್ ಎನ್ನುತ್ತಾ ಹೋಯಿತು.

ರೀಲು ಬೊಂಬಾಯಿಗೆ ಅಂಚೆಯಲ್ಲಿ ಹೋಗಿ ಚಿತ್ರವಾಗಿ ಬರಲು ಒಂದೂವರೆ ತಿಂಗಳಾಯಿತು. ನಾನೂ ಅಕ್ಕನೂ ಬಸ್ಸಿನಲ್ಲಿ ಬ್ಲಫಿಗೆ ಹೋದೆವು. ಎಂಜಿನಿಯರ ಕ್ವಾರ್ಟರ್ಸಿನಲ್ಲಿ ನಡುಹಗಲಲ್ಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟಿದ್ದರು. ಪವರ್ ಹೌಸಿನ ಗುಂಯ್ ಸದ್ದು ನೆಲದಿಂದಲೇ ಬರುವಂತಿತ್ತು. ಮೊದಲು ಪಂಚೆಯ ಮೇಲೆ ಜಲಪಾತ ಸುರಿಯಿತು, ಅವರ ಮಕ್ಕಳು ಕೈ ಬೀಸಿದರು. ಆಮೇಲೆ ಹಸಿರು. ಹಸಿರಿನ ಮೇಲೆ ಕರು ಎದ್ದಿತು, ಬಾಲ ಎತ್ತಿ ಗಾಳಿಯಲ್ಲಿ ಹೊರಳಿತು, ಇಳಿಯಿತು... ಮುಗಿಯಿತು. ಅಕ್ಕ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೇಹೋಗಿತ್ತು. ಎಂಜಿನಿಯರು ನಗುತ್ತಾ ಮತ್ತೆ ಹಾಕಿದರು. ಮತ್ತೆ, ಮತ್ತೆ. ಎಷ್ಟು ಸಲವೋ ಲೆಕ್ಕವಿಲ್ಲ. ಅಕ್ಕನ ಮುಖದ ಮೇಲೆ ಪಂಚೆಯ ಹಸಿರು ಬೆಳಕು ಆಡುತ್ತಿತ್ತು.

ವಾಪಸು ಬರುವಾಗ ಬಸ್ಸು ಬೆಳಕವಾಡಿ ದಾಟಿತು. ಅಕ್ಕ ನನ್ನ ಕೈ ಹಿಡಿದುಕೊಂಡರು. "ಎಂಟು ನಂದು, ನಾಕು ನಿಂದು. ಆ ನಾಕ್ರಲ್ಲೇ ಕಣಮ್ಮಿ ಅದು ನೆಗ್ಯದು."

ಅದು ಸಮಾಧಾನದ ಮಾತೇ. ಆದರೆ ಆ ದಿನದಿಂದ ಆ ಕರುವನ್ನು ಅಕ್ಕ "ನಂದು" ಎಂದದ್ದನ್ನು ನಾನು ಕೇಳಲಿಲ್ಲ. ಅವರಿಗಿದ್ದ ಒಂದೇ ಒಂದರಲ್ಲಿ ನಾನು ಪಾಲು ತೆಗೆದುಕೊಂಡಿದ್ದೆ. ತಪ್ಪಾಯಿತು ಅಕ್ಕ ಎಂದು ಬಾಯಿಬಿಟ್ಟು ಹೇಳಬೇಕಿತ್ತು, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳಾದವು. ಎಂಜಿನಿಯರಿಗೆ ವರ್ಗವಾಗಿ ರೀಲೂ ಅವರೊಡನೆ ಹೋಯಿತು. ನಮ್ಮ ಯಜಮಾನರಿಗೂ ಮಂಡ್ಯಕ್ಕೆ ವರ್ಗವಾಯಿತು. ಅಕ್ಕ ತೀರಿಹೋದ ಸುದ್ದಿ ನನಗೆ ತಲುಪಿದ್ದು ತಿಥಿ ಎಲ್ಲ ಮುಗಿದ ಮೇಲೆ. ಹೋದಾಗ ಮನೆ ಮಾಲೀಕರ ಹೆಂಡತಿ, ನಿಮಗೇ ಕೊಡಬೇಕೆಂದು ಬೊಂಬಾಯಮ್ಮ ಹೇಳಿದ್ದರು ಎನ್ನುತ್ತಾ ಒಂದು ಬಟ್ಟೆಯ ಗಂಟು ಕೊಟ್ಟರು.

ಸೊಸೆ ಕೇಳಿದಳಲ್ಲ, ಆ ಗಂಟನ್ನು ನಿನ್ನೆ ಬೀರುವಿನಿಂದ ತೆಗೆದು ಬಿಚ್ಚಿ ಅವಳಿಗೆ ತೋರಿಸಿದೆ. ಹಾಳೆಗಳು ಹಳದಿಯಾಗಿ ಸುರುಟಿಕೊಂಡಿವೆ. ಅಕ್ಕ ಬೊಂಬಾಯಿಯಲ್ಲಿ ಒಬ್ಬರೇ ಬಣ್ಣ ತುಂಬಿದ್ದ ಎಂಟರಿಂದ ಆ ಬಣ್ಣವೆಲ್ಲ ಹಕ್ಕಳೆಯೆದ್ದು ಉದುರಿಹೋಗಿದೆ. ಯಾರೋ ಎಳೆದ ಗೆರೆಗಳಷ್ಟೇ ಇವೆ. ಕೆಮ್ಮಣ್ಣು ಮಾತ್ರ ಹಾಗೇ ಇದೆ. ಅಕ್ಕನ ಕೈಯ ಬಣ್ಣ ಈಗ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ, ಅದು ನಾನು ತೊಳೆದು ಹಾಳುಮಾಡಿದ ಆ ನಾಲ್ಕರಲ್ಲಿ.