ಬೆಳಕವಾಡಿಯ ಬಿಸಿಲು ಮೈಕು

ಮಂಡ್ಯದಿಂದ ಬೆಳಿಗ್ಗೆ ಆರೂಮುಕ್ಕಾಲರ ಪ್ಯಾಸೆಂಜರ್ ಗಾಡಿ ಹತ್ತಿದೆ. ಮಳವಳ್ಳಿಗೆ ಮಂಡ್ಯದಿಂದಲೇ ನೇರ ಬಸ್ಸಿದೆ. ಆದರೂ ನಾನು ಮದ್ದೂರು ಸುತ್ತಿಕೊಂಡು ಹೋಗಲು ಎರಡು ಕಾರಣಗಳಿದ್ದವು. ಒಂದು, ಹಳೆಯ ಪರಿಚಯದ ಬೆಸಗರಹಳ್ಳಿಯ ನಿಂಗೇಗೌಡರು ಅಲ್ಲಿ ನನಗಾಗಿ ಕಾಯುತ್ತಿದ್ದರು, ಇನ್ನೊಂದು, ವಡೆ. ಡಾಕ್ಟರು ಬೇಡ ಎಂದಿದ್ದಾರೆ, ಆದರೆ ಡಾಕ್ಟರು ಮದ್ದೂರಿನಲ್ಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ಕರೆಂಟಿನ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಬೆಳಕವಾಡಿಯ ಜಯಮ್ಮ ಎಂಬುವರು ತಮ್ಮ ಮಹಿಳಾ ಸಂಘದವರ ಜೊತೆ ಸೇರಿ ಸೋಲಾರ್ ಪ್ಯಾನೆಲ್, ಬ್ಯಾಟರಿ, ಸ್ಪೀಕರು ಕೊಂಡು ಒಂದು ಮೈಕ್‌ಸೆಟ್ ಮಾಡಿಕೊಂಡಿದ್ದರು. ಅದರ ಮೊದಲ ಕಾರ್ಯಕ್ರಮ ಆವತ್ತು. ಬಯಲಿನಲ್ಲಿ, ಪೂರಾ ಬಿಸಿಲಿನ ಶಕ್ತಿಯಿಂದಲೇ ಸೋಬಾನೆ ಮತ್ತು ತತ್ವಪದದ ಕಛೇರಿ. 'ಪಕ್ಕದಲ್ಲಿ ನೀವೊಬ್ರು ಕೂತಿರಿ ಸಾ, ಧೈರ್ಯ ಇರ್ತದೆ' ಎಂದು ಜಯಮ್ಮ ಫೋನಿನಲ್ಲಿ ಕೇಳಿಕೊಂಡಿದ್ದರು. ನಿಂಗೇಗೌಡರ ಮಗಳ ಮದುವೆ ಮುಂದಿನ ತಿಂಗಳಿತ್ತು. ಚೆನ್ನಾಗಿ ನಡೆದರೆ ಈ ಸೆಟ್ಟನ್ನೇ ಗೊತ್ತು ಮಾಡಿ ಎಂದು ಅವರನ್ನು ಹೊರಡಿಸಿದವನೂ ನಾನೇ. ಸಂಘಕ್ಕೆ ಅದು ಮೊದಲ ಬುಕಿಂಗ್ ಆಗುತ್ತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಮುಕ್ಕಾಲು ಗಂಟೆಯ ದಾರಿ. ಬಸ್ಸಿನ ತುಂಬ ಆಧಾರ್ ಕಾರ್ಡು ಹಿಡಿದ ಹೆಂಗಸರು. ಟಿಕೆಟ್ ಕೊಂಡವರು ನಾವಿಬ್ಬರು ಮತ್ತು ಒಬ್ಬ ಮೇಷ್ಟ್ರು. ನಿಂಗೇಗೌಡರು ಮೊಣಕಾಲಿಗೆ ಕಂಬಿ ಒತ್ತಿಸಿಕೊಂಡು ನಿಂತೇ ಕೇಳಿದರು, 'ಮೋಡ ಬಂದ್ರೆ ಏನ್ಮಾಡದು ಸಾ? ದಾರೆ ಒತ್ನಲ್ಲಿ ವಾಲಗ ನಿಂತೋದ್ರೆ ನನ್ ಮಾನ ಓಯ್ತದೆ.' ಬ್ಯಾಟರಿ ಇರುತ್ತದೆ, ನಿಲ್ಲುವುದಿಲ್ಲ ಎಂದು ನಾನು ಪಾಠ ಮಾಡಿದೆ. ಮಾಡಿದ ಪಾಠವನ್ನು ನಾನೇ ನಂಬಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಶಿವನಸಮುದ್ರದ ರಸ್ತೆಯಲ್ಲಿ ಅರ್ಧ ಗಂಟೆ ಹೋಗಿ ಬೆಳಕವಾಡಿಯಲ್ಲಿ ಇಳಿದಾಗ ಒಂಬತ್ತೂವರೆ. ಸಮುದಾಯ ಭವನದ ಪಕ್ಕದ ಹೊಂಗೆಮರದ ಕೆಳಗೆ ಜಮಖಾನ ಹಾಸಿದ್ದರು. ಎದುರಿನ ಬಯಲಿನಲ್ಲಿ ಆರು ಪ್ಯಾನೆಲ್ಲುಗಳು ಸೂರ್ಯನ ಕಡೆ ಮುಖ ಮಾಡಿ ನಿಂತಿದ್ದವು. ರಸ್ತೆಯಾಚೆ ಹಿಟ್ಟಿನ ಗಿರಣಿ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಜಯಮ್ಮ ಐವತ್ತರ ಹೆಂಗಸು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಟೆಸ್ಟರು ಕಚ್ಚಿಕೊಂಡು ವೈರು ಕಟ್ಟುತ್ತಿದ್ದರು. ಗಂಟು ನನಗಿಂತ ಚೆನ್ನಾಗಿ ಹಾಕಿದ್ದರು.

ಭವನದ ಗೋಡೆಯಲ್ಲೊಂದು ಪ್ಲಗ್ ಪಾಯಿಂಟ್ ಇತ್ತು. 'ಇದರಿಂದಲೂ ಒಂದು ವೈರ್ ಎಳೆದಿಡೋಣ, ಇರಲಿ' ಎಂದೆ. ಆಕೆ ಟೆಸ್ಟರನ್ನು ಬಾಯಿಂದ ತೆಗೆದು ಹೇಳಿದರು. 'ಬ್ಯಾಡಿ ಸಾ. ಲೈನ್ ಕರೆಂಟು ಮುಟ್ಟಲ್ಲ ಅಂತ ಊರಿಗೆಲ್ಲ ಯೋಳಿದೀನಿ. ನಡೆದ್ರೆ ಬಿಸ್ಲಲ್ಲೇ ನಡೀಲಿ.' ಆಗಲಿ ಎಂದು ಒಪ್ಪಿಕೊಂಡೆ.

ಹತ್ತಕ್ಕೆ ಹಾಡು ಶುರುವಾಯಿತು. ಇನ್ನೂರು ಮುನ್ನೂರು ಜನ ಸೇರಿದ್ದರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮುಂದಿನಿಂದ ಹೇಳಿಕೊಡುತ್ತಿದ್ದರು, ಉಳಿದವರು ಹಿಡಿಯುತ್ತಿದ್ದರು. ಜನರೇಟರಿನ ಗುಡುಗಿಲ್ಲ, ಡೀಸೆಲ್ಲಿನ ಹೊಗೆಯಿಲ್ಲ. ಅಜ್ಜಿ ಉಸಿರು ತೆಗೆದುಕೊಳ್ಳುವುದು ಕೂಡ ಸ್ಪೀಕರಿನಲ್ಲಿ ಕೇಳುತ್ತಿತ್ತು. ನಿಂಗೇಗೌಡರು ಮುಂದಿನ ಸಾಲಿನಿಂದ ತಿರುಗಿ ನನ್ನತ್ತ ತಲೆದೂಗಿದರು.

ಹನ್ನೊಂದೂವರೆಗೆ ಮೋಡ ಬಂತು. ಬ್ಯಾಟರಿ ಪೆಟ್ಟಿಗೆಯಲ್ಲಿ ಪ್ಯಾನೆಲ್ಲಿನ ಕರೆಂಟು ತೋರಿಸುವ ಮುಳ್ಳು ಇಳಿಯತೊಡಗಿತು. ಬ್ಯಾಟರಿ ತುಂಬಿತ್ತು, ಇಳಿದರೆ ಇಳಿಯಲಿ ಎಂದು ಸುಮ್ಮನಿದ್ದರೆ ಮುಗಿದಿತ್ತು. ಆದರೆ ಮೂವತ್ತನಾಲ್ಕು ವರ್ಷದ ಕೈ ಕೇಳಬೇಕಲ್ಲ. ಮುಳ್ಳು ಇಳಿದರೆ ಬೇರೆ ಲೈನಿಗೆ ಹಾಕು ಎಂಬುದೊಂದೇ ಅದಕ್ಕೆ ಗೊತ್ತು. ಜಯಮ್ಮ ಮುಂದೆ ಮೈಕು ಸರಿಮಾಡುತ್ತಿದ್ದರು. ನಾನು ಆಂಪ್ಲಿಫೈಯರಿನ ಪ್ಲಗ್ಗನ್ನು ಪೆಟ್ಟಿಗೆಯಿಂದ ಕಿತ್ತು ಗೋಡೆಗೆ ಚುಚ್ಚಿದೆ. ಒಂದು ಸಣ್ಣ ಚಟ್ ಸದ್ದು, ಅಷ್ಟೇ, ಹಾಡು ಮುಂದುವರಿಯಿತು. ಯಾರಿಗೂ ಗೊತ್ತಾಗಲಿಲ್ಲವೆಂದು ಒಳಗೊಳಗೇ ಬೀಗಿದೆ ಕೂಡ.

ಹತ್ತು ನಿಮಿಷ ಕಳೆದಿರಬೇಕು. ಅಜ್ಜಿ ದನಿ ಏರಿಸಿದ್ದರು. ಲೈನ್ ಕರೆಂಟು ಹೋಯಿತು. ಸ್ಪೀಕರೂ ಸತ್ತಿತು, ರಸ್ತೆಯಾಚೆಯ ಗಿರಣಿಯೂ ನಿಂತಿತು.

'ಸೂರ್ಯ ಮುಳುಗ್ದ ಕಣ್ಲಾ!' ಎಂದು ಹಿಂದಿನಿಂದ ಯಾರೋ ಕೂಗಿದ. ಬಯಲೆಲ್ಲ ನಕ್ಕಿತು. 'ಅದ್ಕೇ ಯೋಳಿದ್ದು, ಎಂಗಸ್ರಿಗ್ಯಾಕೆ ಬೇಕಿತ್ತು ಮೈಕ್‌ಸೆಟ್ಟು' ಎಂದ ಇನ್ನೊಬ್ಬ. ಜಯಮ್ಮ ಒಂದೊಂದೇ ವೈರು ಮುಟ್ಟಿ ನೋಡುತ್ತಿದ್ದರು. ನಾನು ಕಳ್ಳನ ಹಾಗೆ ಪ್ಲಗ್ಗನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ದನಿ ಬಂತು. ಆದರೆ ಅಜ್ಜಿಗೆ ಹಾಡಿನ ಎಳೆ ಸಿಗಲಿಲ್ಲ. ಎರಡು ಸಲ ಶುರುಮಾಡಿ, 'ಬುಡವ್ವ, ತಪ್ಪೋಯ್ತು' ಎಂದು ಕೂತುಬಿಟ್ಟರು. ಉಳಿದವರು ಹೇಗೋ ಮಂಗಳ ಹಾಡಿದರು. ಅಷ್ಟರಲ್ಲಿ ಅರ್ಧ ಜನ ಎದ್ದಿದ್ದರು.

ಊಟಕ್ಕೆ ಮುದ್ದೆ, ಬಸ್ಸಾರು. ಜಯಮ್ಮ ಸಂಘದವರ ನಡುವೆಯೇ ನನ್ನ ಪಕ್ಕ ಬಂದು ಕೂತು ಕೇಳಿದರು. 'ನೀವೇ ಯೋಳಿ ಸಾ. ನನ್ ಪ್ಯಾನಲ್ಲು ಯಾಕೆ ಕೈ ಕೊಡ್ತು?'

'ಮೋಡ ಅಲ್ಲವೇನಮ್ಮ' ಎಂದೆ. ಇಷ್ಟು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದಿಲ್ಲ. ಆಕೆ ರಸ್ತೆಯಾಚೆಯ ಗಿರಣಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ಹೋಗಿ ಒಂದು ಚೀಲ ಬದನೆಕಾಯಿ ತಂದುಕೊಟ್ಟರು.

ಎರಡೂವರೆಗೆ ಮಳವಳ್ಳಿ ಬಿಟ್ಟೆವು. ಕೂರಲು ಜಾಗ ಸಿಕ್ಕಿತ್ತು. ಬದನೆಕಾಯಿ ಚೀಲ ನನ್ನ ತೊಡೆಯ ಮೇಲಿತ್ತು. ನಿಂಗೇಗೌಡರು ಫೋನು ತೆಗೆದು, 'ಜನರೇಟರ್‌ನೋನಿಗೆ ಯೋಳ್ಬುಡ್ತೀನಿ ಸಾ. ಪಾಪ, ಆಯಮ್ಮ ಒಳ್ಳೇವ್ಳೇಯ. ಆದ್ರೆ ಮದ್ವೆ ಕಣ' ಎಂದರು. ನನಗೆ ತಡೆಯಲಾಗಲಿಲ್ಲ. ಗೋಡೆಯ ಪ್ಲಗ್ಗಿನ ಕಥೆ ಪೂರ್ತಿ ಹೇಳಿದೆ. ಅವರು ಫೋನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

'ಇದ್ನ ನಂಗ್ಯಾಕೆ ಯೋಳ್ತೀರಿ? ನಗೆಪಾಟ್ಲಾಗಿದ್ದು ನಾನಾ?'

ಮುಂದಿನ ಸ್ಟಾಪಿನಲ್ಲಿ ನಾನೊಬ್ಬನೇ ಇಳಿದು, ರಸ್ತೆ ದಾಟಿ, ಬಂದ ದಾರಿಯ ಬಸ್ಸಿಗೆ ಕೈ ಅಡ್ಡ ಹಿಡಿದೆ. ಅರವತ್ತೈದನೇ ವಯಸ್ಸಿನಲ್ಲಿ, ಬದನೆಕಾಯಿ ಚೀಲ ಹಿಡಿದು, ತಪ್ಪೊಪ್ಪಿಕೊಳ್ಳಲು ಬಸ್ಸು ಕಾಯುವವನ ಮುಖ ಹೇಗಿರುತ್ತದೋ ದೇವರಿಗೇ ಗೊತ್ತು.

ನಾಲ್ಕೂಕಾಲಿಗೆ ಬೆಳಕವಾಡಿ ಸೇರಿದೆ. ಮೋಡ ಸರಿದು ಇಳಿಬಿಸಿಲಿತ್ತು. ಸಂಘದವರು ಜಮಖಾನ ಸುತ್ತುತ್ತಿದ್ದರು. ಹೊಂಗೆಮರದ ಕಟ್ಟೆಯ ಮೇಲೆ ಊರಿನ ಗಂಡಸರು ಕೂತು ಬೆಳಗಿನ ತಮಾಷೆಯನ್ನೇ ಮತ್ತೆ ಆಡಿಕೊಳ್ಳುತ್ತಿದ್ದರು. ಸ್ಪೀಕರಿನ ಬಳಿ ಬಗ್ಗಿದ್ದ ಜಯಮ್ಮನಿಗೆ ಮೆಲ್ಲಗೆ ಹೇಳಿದೆ, ಪ್ಲಗ್ಗು ಬದಲಿಸಿದವನು ನಾನು ಎಂದು.

'ಗೊತ್ತಿತ್ತು ಕಣ ಸಾ. ಗಿರಣಿ ನಿಂತಾಗ್ಲೇ ಗೊತ್ತಾಯ್ತು.'

'ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ?'

'ನೀವಾಗೇ ಯೋಳ್ತೀರೇನೋ ಅಂತ. ಇಂಜಿನಿಯರ್ರೇ ಮೋಡ ಅಂದ್ಮ್ಯಾಲೆ, ನಾನು ಯೋಳುದ್ರೆ ಯಾರು ನಂಬ್ತಾರೆ?'

ಕ್ಷಮಿಸಿ ಎಂದೆ. ಆಕೆ ಸುತ್ತಿಟ್ಟ ವೈರನ್ನು ಬಿಚ್ಚಿ ಪೆಟ್ಟಿಗೆಗೆ ಸಿಕ್ಕಿಸಿದರು. ಹಸಿರು ದೀಪ ಹತ್ತಿತು. ಮೈಕನ್ನು ಒರೆಸಿ ನನ್ನ ಕೈಗೆ ಕೊಟ್ಟು, ಕಣ್ಣಲ್ಲೇ ಕಟ್ಟೆಯ ಕಡೆ ತೋರಿಸಿದರು.

'ಬ್ಯಾಟ್ರಿ ತುಂಬೈತೆ. ನಂಗೆ ಯೋಳಿದ್ದನ್ನ ಊರಿಗೆ ಯೋಳಿ.'

ಕಟ್ಟೆಯವರು ಇತ್ತ ತಿರುಗಿದರು. ಮನೆಗಳ ಬಾಗಿಲಿಗೆ ಹೆಂಗಸರು ಬಂದರು. ಬೆಳಿಗ್ಗೆ ಹಾಡಿದ ಅಜ್ಜಿಯೂ ಜಗಲಿಯ ಮೇಲೆ ಬಂದು ಕೂತರು. ನನ್ನ ಹೆಸರು ಹೇಳಿ, ನಾನು ಯಾರೆಂದು ಹೇಳಿ, ಮಾಡಿದ್ದನ್ನು ಹೇಳಿದೆ. ಆಮೇಲೆ ಆಡಿದ ಸುಳ್ಳನ್ನೂ ಹೇಳಿದೆ. ನಡುವೆ ಎರಡು ಸಲ ಎಳೆ ತಪ್ಪಿ ಮತ್ತೆ ಶುರುಮಾಡಿದೆ. ಮೈಕು ಮಾತ್ರ ಒಮ್ಮೆಯೂ ನಿಲ್ಲಲಿಲ್ಲ.